ಪುಸ್ತಕ ಬೀಗದೊಳಗಿರುವುದಕ್ಕಲ್ಲ
(ಗ್ರಂಥಪಾಲಕರ ದಿನದಂದು ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದು ಆಗಸ್ಟ್ 12. ಶಿಯಾಳಿ ರಾಮಾಮೃತ ರಂಗನಾಥನ್ ಅವರ ನೆನಪಿಗೆ ದೇಶದ ಗ್ರಂಥಾಲಯಗಳು ಆಚರಿಸುವ ದಿನ. ಚೆನ್ನೈಯಲ್ಲಿ ನೆಲಸಿದ ಕನ್ನಡಿಗರಾದ ನಮಗೆ ಅವರು ಎರಡು ಕಡೆಯಿಂದಲೂ ನಂಟರು. ಅವರು ಹೆಸರು ಗಳಿಸಿದ್ದು ಈ ಊರಿನಲ್ಲಿ. 1972ರಲ್ಲಿ ಕಣ್ಣು ಮುಚ್ಚಿದ್ದು ಬೆಂಗಳೂರಿನಲ್ಲಿ.

1892ರಲ್ಲಿ ತಂಜಾವೂರು ಜಿಲ್ಲೆಯಲ್ಲಿ ಹುಟ್ಟಿದ ರಂಗನಾಥನ್ ಮೊದಲು ಗಣಿತದ ಅಧ್ಯಾಪಕರು. 1917ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲರಾದರು. ಆ ಕೆಲಸ ಅವರಿಗೆ ರುಚಿಸಲಿಲ್ಲ, ತರಗತಿಗೇ ಮರಳುವೆನೆಂದರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬಾ, ಆಮೇಲೆ ನೋಡೋಣವೆಂದು ಹಿರಿಯರು ಕಳುಹಿಸಿದರು. 1925ರಲ್ಲಿ ಹಿಂತಿರುಗಿದವರು ಮತ್ತೆ ಗಣಿತದ ಮಾತೆತ್ತಲಿಲ್ಲ.

ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಒಂದು ಆಟಿಕೆ ಕಂಡರು. ಅವೇ ಕಬ್ಬಿಣದ ಪಟ್ಟಿಗಳು, ಅವೇ ತಿರುಪುಗಳು. ಜೋಡಿಸುವ ಬಗೆ ಬೇರೆಯಾದರೆ ಬೇರೆ ಬೊಂಬೆ. ವಿಷಯಗಳನ್ನೂ ಹೀಗೆಯೇ ಬಿಡಿಸಿ ಜೋಡಿಸಬಾರದೇಕೆ ಎಂದುಕೊಂಡರು. ಭತ್ತದ ಬೆಳೆ, ಅದರ ರೋಗ, ಊರು, ಕಾಲ: ಒಂದೊಂದಕ್ಕೂ ಒಂದು ಗುರುತು, ನಡುವೆ ಕೋಲನ್ ಚಿಹ್ನೆ. 1933ರಲ್ಲಿ ಅಚ್ಚಾದ ಕೋಲನ್ ವರ್ಗೀಕರಣ ಹುಟ್ಟಿದ್ದು ಹೀಗೆ.

ತಾವು ಕಲಿತದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1929ರಲ್ಲಿ ಮದರಾಸು ಗ್ರಂಥಾಲಯ ಸಂಘದ ಮೂಲಕ ಗ್ರಂಥಪಾಲಕರಿಗೆ ಶಿಕ್ಷಣ ಕೊಡತೊಡಗಿದರು. ಬಳಿಕ ಕಾಶಿಯಲ್ಲಿ, ದೆಹಲಿಯಲ್ಲಿ ಪಾಠ ಹೇಳಿದರು. 1962ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಕಟ್ಟಿದರು. ತಾವು ಉಳಿಸಿದ ಒಂದು ಲಕ್ಷ ರೂಪಾಯಿಯನ್ನು, ಈ ವಿದ್ಯೆಯ ಪ್ರಾಧ್ಯಾಪಕ ಪೀಠಕ್ಕಾಗಿ ಮಡದಿಯ ಹೆಸರಿನಲ್ಲಿ, ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು.

1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳ ಸಾರ ಇಷ್ಟೆ: ಪುಸ್ತಕವಿರುವುದು ಬಳಸುವುದಕ್ಕೆ, ಓದುವವರೆಲ್ಲರಿಗೂ ಬೇಕಾದ ಪುಸ್ತಕ ಸಿಗಬೇಕು, ಪುಸ್ತಕಕ್ಕೂ ತಕ್ಕ ಓದುಗರು ದೊರೆಯಬೇಕು, ಅವರ ಹೊತ್ತು ಹಾಳಾಗಬಾರದು, ಗ್ರಂಥಾಲಯ ಬೆಳೆಯುತ್ತಿರಬೇಕು.

ಈಗ ನಮ್ಮ ಮನೆಯ ಮಾತು. ನಮ್ಮ ಬೀರುಗಳ ಬೀಗ ತೆಗೆಯಬೇಕೆ ಎಂಬ ಪ್ರಶ್ನೆ ಸಮಿತಿಯ ಮುಂದಿದೆ. ಬೇಡವೆನ್ನುವವರ ಅಂಜಿಕೆ ಸುಳ್ಳಲ್ಲ. ಇಲ್ಲಿ ಕಳೆದುಹೋದ ಹಳೆಯ ಕನ್ನಡ ಪುಸ್ತಕ ಹಣ ಕೊಟ್ಟರೂ ಮರಳಿ ಸಿಗುವುದು ಕಷ್ಟ. ಆದರೆ ಗಾಜಿನ ಹಿಂದಿನ ಪುಸ್ತಕವನ್ನು ಹೆಸರು ಗೊತ್ತಿದ್ದವರು ಮಾತ್ರ ಕೇಳಿಯಾರು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಬೇರೆ ಲಿಪಿ ಕಲಿಯುವ ನಮ್ಮ ಮಕ್ಕಳಿಗೆ ಯಾವ ಹೆಸರು ಗೊತ್ತು? ಕೈಗೆತ್ತಿಕೊಂಡು, ಚಿತ್ರ ನೋಡಿ, ಅಕ್ಷರ ಕೂಡಿಸಿದರೆ ಮಾತ್ರ ಅವರು ಓದುಗರಾದಾರು. ರಂಗನಾಥನ್ ತಮ್ಮ ಗ್ರಂಥಾಲಯದಲ್ಲಿ ಓದುಗರನ್ನು ಕಪಾಟುಗಳ ಬಳಿಗೇ ಬಿಟ್ಟರು. ನಾಲ್ಕು ಪುಸ್ತಕ ಕಳೆಯುವ ನಷ್ಟಕ್ಕಿಂತ ನಾನೂರು ಪುಸ್ತಕ ಓದದೆ ಉಳಿಯುವ ನಷ್ಟ ದೊಡ್ಡದಲ್ಲವೆ?

ಆದ್ದರಿಂದ ನಮ್ಮ ಸೂಚನೆ ಇದು. ಮತ್ತೆ ಸಿಗದ ಹೊತ್ತಗೆಗಳನ್ನು ಒಂದು ಬೀರುವಿನಲ್ಲಿ ಬೇರೆಯಾಗಿಡೋಣ; ಕೇಳಿದವರಿಗೆ ಇಲ್ಲೇ ಕುಳಿತು ಓದಲು ಕೊಡೋಣ. ಉಳಿದ ಬೀರುಗಳನ್ನು ತೆರೆಯೋಣ. ಮಕ್ಕಳ ಪುಸ್ತಕಗಳು ಅವರ ಕೈಗೆಟಕುವ ಕೆಳಗಿನ ಸಾಲಿನಲ್ಲಿರಲಿ. ವರುಷಕ್ಕೊಮ್ಮೆ ಎಣಿಸಿ, ಕಳೆದುದೆಷ್ಟು, ಓದಿದವರೆಷ್ಟು ಎಂದು ಎರಡು ಲೆಕ್ಕವನ್ನೂ ಸಭೆಯ ಮುಂದಿಡೋಣ. ಮುಂದಿನ ತೀರ್ಮಾನವನ್ನು ಆ ಲೆಕ್ಕ ನೋಡಿ ಮಾಡಬಹುದು.