ಚಳಿ ಅಳೆಯುವ ಮೇಣ

ಮಕ್ಕಳೇ, ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಇರುವ ನಿಮ್ಮ ಚಿಕ್ಕಪ್ಪನೋ ಅತ್ತೆಯೋ ವಿಡಿಯೋ ಕಾಲ್ ಮಾಡಿದಾಗ ಕಿಟಕಿಯ ಕೆಳಗೆ ಕಣ್ಣು ಹಾಯಿಸಿ. ಗೋಡೆಗೆ ಒರಗಿದಂತೆ ಬಿಳಿಯ ತಗಡಿನ ಪೆಟ್ಟಿಗೆಯೊಂದು ಕಾಣಬಹುದು. ಅದು ರೇಡಿಯೇಟರ್. ನಮಗೆ ಬಿಸಿನೀರು ಸ್ನಾನಕ್ಕೆ ಸಾಕು; ಅಲ್ಲಿ ಚಳಿಗಾಲದಲ್ಲಿ ಮನೆಗೇ ಬೇಕು. ಬಾಯ್ಲರಿನಲ್ಲಿ ಕಾದ ನೀರು ಪೈಪುಗಳಲ್ಲಿ ಕೋಣೆ ಕೋಣೆಗೂ ಹೋಗಿ, ರೇಡಿಯೇಟರುಗಳಿಗೆ ಬಿಸಿ ಕೊಟ್ಟು, ತಾನು ತಣ್ಣಗಾಗಿ ವಾಪಸ್ಸು ಬರುತ್ತದೆ.

ರೇಡಿಯೇಟರಿನ ಮೂಲೆಯಲ್ಲಿ ಮುಷ್ಟಿಗಾತ್ರದ ಒಂದು ಗುಂಡಿ ಇರುತ್ತದೆ. ಅದರ ಮೇಲೆ 1ರಿಂದ 5ರವರೆಗೆ ಅಂಕಿಗಳು. ಬೇಗ ಬೆಚ್ಚಗಾಗಲಿ ಅಂತ ದೊಡ್ಡವರೇ ಎಷ್ಟೋ ಸಲ ಅದನ್ನು 5ಕ್ಕೆ ತಿರುಗಿಸಿಬಿಡುತ್ತಾರೆ. ಅದು ನಲ್ಲಿಯಲ್ಲ ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ಆ ಅಂಕಿ ಹೇಳುವುದು ವೇಗವನ್ನಲ್ಲ, ಎಲ್ಲಿಗೆ ನಿಲ್ಲಬೇಕು ಎಂಬುದನ್ನು. 3 ಅಂದರೆ ಸುಮಾರು 20 ಡಿಗ್ರಿ. ಕೋಣೆ ಕೊರೆಯುತ್ತಿರುವಾಗ 3ರಲ್ಲಿಟ್ಟರೂ ವಾಲ್ವು, ಅಂದರೆ ನೀರಿನ ದಾರಿ ತೆರೆದು ಮುಚ್ಚುವ ಭಾಗ, ಪೂರ್ತಿ ತೆರೆದೇ ಇರುತ್ತದೆ. 5ರಲ್ಲಿಟ್ಟರೆ 20 ದಾಟಿದರೂ ನಿಲ್ಲದೆ ಕಾಯಿಸುತ್ತಲೇ ಹೋಗುತ್ತದೆ, ಅಷ್ಟೇ.

ಹಾಗಾದರೆ ನಿಲ್ಲಿಸುವವರು ಯಾರು? ವೈರಿಲ್ಲ, ಬ್ಯಾಟರಿಯಿಲ್ಲ. ಗುಂಡಿಯೊಳಗೆ ಒಂದು ಪುಟ್ಟ ಮುಚ್ಚಿದ ಡಬ್ಬಿ. ಅದರೊಳಗೆ ಮೇಣವೋ ಒಂದು ಬಗೆಯ ದ್ರವವೋ ತುಂಬಿರುತ್ತದೆ. ಮೇಣದ ಗುಣ ನೋಡಬೇಕೆಂದರೆ ಅಮ್ಮನನ್ನೋ ಅಪ್ಪನನ್ನೋ ಪಕ್ಕದಲ್ಲಿಟ್ಟುಕೊಂಡು ಒಂದು ಮೇಣದಬತ್ತಿ ಕರಗಿಸಿ, ಸ್ಟೀಲ್ ಬಟ್ಟಲಿಗೆ ಸುರಿಯಿರಿ. ಕರಗಿದಾಗ ಮೇಲ್ಮೈ ಸಮತಟ್ಟು. ಆರಿ ಗಟ್ಟಿಯಾದಾಗ ನಟ್ಟನಡುವೆ ಗುಳಿ ಬಿದ್ದಿರುತ್ತದೆ! ತಣ್ಣಗಾದ ಮೇಣ ಕುಗ್ಗಿತು. ಬಿಸಿಯಾದರೆ ಹಿಗ್ಗುತ್ತದೆ. ಕೋಣೆ ಬೆಚ್ಚಗಾದಂತೆ ಡಬ್ಬಿಯೊಳಗಿನ ಮೇಣವೂ ಹೀಗೇ ಹಿಗ್ಗಿ ಒಂದು ಸಣ್ಣ ಪಿನ್ನನ್ನು ಒತ್ತುತ್ತದೆ. ಪಿನ್ನು ನೀರಿನ ದಾರಿ ಮುಚ್ಚುತ್ತದೆ. ಚಳಿಯಾದರೆ ಮೇಣ ಕುಗ್ಗುತ್ತದೆ, ಸ್ಪ್ರಿಂಗು ಪಿನ್ನನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಮತ್ತೆ ಹರಿಯುತ್ತದೆ.

ಇಂಥ ವಾಲ್ವನ್ನು 1943ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ಮ್ಯಾಡ್ಸ್ ಕ್ಲೌಸೆನ್. ತಮಾಷೆಯೆಂದರೆ, 1933ರಲ್ಲಿ ಅವರು ತಮ್ಮ ಕಂಪನಿ ಶುರುಮಾಡಿದ್ದು ತಂಪು ಮಾಡುವ ಯಂತ್ರಗಳಿಗೆ ವಾಲ್ವು ತಯಾರಿಸಲು. ಅದೇ ಇಂದಿನ ಡ್ಯಾನ್‌ಫಾಸ್.

ಈಗ ಅಂಗಡಿಗೆ ಹೋದೆವು ಅಂದುಕೊಳ್ಳಿ. ಯಾವ ವಾಲ್ವು ಕೊಳ್ಳುವುದು? ಪೈಪು ನೆಲದಿಂದ ಬಂದಿದೆಯೋ ಗೋಡೆಯಿಂದಲೋ ನೋಡಿ, ಅದಕ್ಕೆ ಹೊಂದುವ ಬಾಗಿದ್ದನ್ನೋ ನೇರವಾದದ್ದನ್ನೋ ಆರಿಸಬೇಕು. ಅದು ಸುಲಭದ ಕೆಲಸ. ನಿಜವಾಗಿ ಯೋಚಿಸಬೇಕಾದದ್ದು ಮೇಣದ ಬಗ್ಗೆ. ಇಡೀ ಕೋಣೆಯ ಸುದ್ದಿ ಅದಕ್ಕೆ ಗೊತ್ತಿಲ್ಲ; ತನ್ನ ಸುತ್ತಲಿನ ಅಂಗೈಯಗಲ ಗಾಳಿಯಷ್ಟೇ ಗೊತ್ತು. ದಪ್ಪ ಪರದೆಯ ಹಿಂದೆ ಸಿಕ್ಕಿಬಿದ್ದರೆ ಅಲ್ಲಿ ನಿಂತ ಬಿಸಿಗಾಳಿಗೆ ಹಿಗ್ಗಿ, ನೀರು ನಿಲ್ಲಿಸಿಬಿಡುತ್ತದೆ. ನೀವು ಸೋಫಾದ ಮೇಲೆ ನಡುಗುತ್ತಿರುತ್ತೀರಿ! ಅಂಥ ಕಡೆಗೆಂದೇ ಬೇರೆ ಬಗೆಯ ವಾಲ್ವು ಸಿಗುತ್ತದೆ: ಗಾಳಿಯ ಬಿಸಿ ಅಳೆಯುವ ಭಾಗ ತೆಳ್ಳನೆಯ ನಳಿಕೆಯ ತುದಿಯಲ್ಲಿದ್ದು, ಅದನ್ನು ಪರದೆಯಿಂದಾಚೆ ಗೋಡೆಗೆ ಕೂರಿಸಬಹುದು.

ಕಿಟಕಿ ತೆರೆದಾಗ ಇದೇ ತಾಪತ್ರಯ ತಿರುಗುಮುರುಗು. ಹೊರಗಿನ ಥಂಡಿಗಾಳಿ ಸೀದಾ ಗುಂಡಿಯ ಮೇಲಿಳಿದು, ಮೇಣ ಕುಗ್ಗಿ, ವಾಲ್ವು ಪೂರ್ತಿ ತೆರೆದು, ಬೀದಿಗೆಲ್ಲ ಬಿಸಿ ಹಂಚತೊಡಗುತ್ತದೆ. ಅದಕ್ಕೇ ಕಿಟಕಿ ತೆರೆಯುವ ಮುನ್ನ ಗುಂಡಿಯನ್ನು ಅದರ ಮೇಲಿರುವ ಹಿಮಹರಳಿನ ಚಿತ್ರಕ್ಕೆ ತಿರುಗಿಸಬೇಕು. ಅಲ್ಲಿಟ್ಟರೆ ಸುಮಾರು 6–7 ಡಿಗ್ರಿಗಿಂತ ಕೆಳಗಿಳಿದಾಗ ಮಾತ್ರ ನೀರು ಹರಿಯುತ್ತದೆ, ರೇಡಿಯೇಟರಿನೊಳಗೆ ಹೆಪ್ಪುಗಟ್ಟದಿರಲೆಂದು.

ಇನ್ನೊಂದು ಕೋಣೆಯಿದೆ, ಅಲ್ಲಿಗೆ ಈ ಮೇಣದ ವಾಲ್ವೇ ಬೇಡ. ಬಾಯ್ಲರನ್ನು ಆಡಿಸುವ ಥರ್ಮೋಸ್ಟಾಟ್ ಯಾವ ಕೋಣೆಯ ಗೋಡೆಯಲ್ಲಿದೆಯೋ ಅದು. ವಾಲ್ವು ಮೊದಲೇ ಮುಚ್ಚಿಕೊಂಡರೆ ಗೋಡೆಯ ಥರ್ಮೋಸ್ಟಾಟಿಗೆ ‘ಇನ್ನೂ ಚಳಿಯಿದೆ’ ಎಂದೇ ಲೆಕ್ಕ. ಬಾಯ್ಲರ್ ಸುಮ್ಮನೆ ಉರಿಯುತ್ತಿರುತ್ತದೆ. ಅಲ್ಲಿ ಕೈಯಿಂದ ತಿರುಗಿಸುವ ಸಾದಾ ವಾಲ್ವು ಸಾಕು.

ಈಗ ಬ್ಯಾಟರಿ, ಮೋಟರು ಇರುವ ವಾಲ್ವುಗಳೂ ಬಂದಿವೆ. ನೀವು ಶಾಲೆಗೆ ಹೋದ ಹೊತ್ತಿನಲ್ಲಿ ತಾವೇ ಬಿಸಿ ತಗ್ಗಿಸುತ್ತವೆ. ಒಳ್ಳೆಯವೇ. ಆದರೂ ನನ್ನ ಓಟು ಮೇಣಕ್ಕೆ. ಅದಕ್ಕೂ ಒಂದು ಚೂರು ಆರೈಕೆ ಬೇಕು: ಬೇಸಿಗೆಯಲ್ಲಿ ಗುಂಡಿಯನ್ನು 5ಕ್ಕೆ ತಿರುಗಿಸಿಡಬೇಕು. ಮುಚ್ಚಿಟ್ಟರೆ ತಿಂಗಳುಗಟ್ಟಲೆ ಒತ್ತಿಕೊಂಡಿದ್ದ ಪಿನ್ನು ಅಲ್ಲೇ ಕಚ್ಚಿಕೊಂಡು, ಚಳಿಗಾಲ ಶುರುವಾದಾಗ ಮೇಲೇಳದೆ ಹಟ ಹಿಡಿಯಬಹುದು.