ಕಲ್ಲೆಸೆದವನು ಯಾರು, ದಂಡ ತೆತ್ತವನು ಯಾರು?

(ಬೀದರ್ ನಗರದಲ್ಲಿ ನಡೆದ, ಬೀದರ್, ಭಾಲ್ಕಿ ಮತ್ತು ಔರಾದ್ ತಾಲೂಕುಗಳ ಆಟಗಾರ ಯುವಕರ ಹಾಗೂ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಭಿಮಾನಿಗಳು ನಡೆಸುವ ದಾಂಧಲೆಗೆ ಕ್ಲಬ್ಬನ್ನು ಶಿಕ್ಷಿಸುವುದು ಸರಿಯೇ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಸಂಘಟಕರು ನಮಗೆ ಸೂಚಿಸಿದ್ದಾರೆ. ಇದು ಯುರೋಪಿನ ಫುಟ್ಬಾಲ್ ಕ್ಲಬ್ಬುಗಳ ತಲೆನೋವು, ಬೀದರಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಿರಬಹುದು. ಈ ವಿಷಯವನ್ನು ಏಕೆ ಆರಿಸಲಾಯಿತೆಂಬುದು ಇಲ್ಲಿ ಕುಳಿತಿರುವ ಅನೇಕರಿಗೆ ತಿಳಿದೇ ಇದೆ. ತಿಳಿಯದವರಿಗಾಗಿ ಹೇಳಿಬಿಡುತ್ತೇವೆ.

ಕಳೆದ ಚಳಿಗಾಲದಲ್ಲಿ ಭಾಲ್ಕಿ ಕಡೆಯ ಒಂದು ಮೈದಾನದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾವಳಿ ನಡೆಯಿತು. ಸೆಮಿಫೈನಲ್ ಪಂದ್ಯದ ಕೊನೆಯ ಓವರಿನಲ್ಲಿ ಒಂದು ರನೌಟ್ ತೀರ್ಪಿನ ಬಗ್ಗೆ ವಿವಾದವೆದ್ದಿತು. ಸೋಲುವ ಸ್ಥಿತಿಯಲ್ಲಿದ್ದ ತಂಡದ ಕಡೆಯಿಂದ ಮೊದಲು ನೀರಿನ ಪೊಟ್ಟಣಗಳು, ನಂತರ ಕಲ್ಲುಗಳು, ಕೊನೆಗೆ ಪ್ಲಾಸ್ಟಿಕ್ ಕುರ್ಚಿಗಳು ಹಾರಿಬಂದವು. ಅಂಕಪಟ್ಟಿ ಬರೆಯುತ್ತಿದ್ದ ಔರಾದ್ ಕಡೆಯ ಹುಡುಗನೊಬ್ಬನ ಹುಬ್ಬಿನ ಮೇಲೆ ಏಳು ಹೊಲಿಗೆ ಬಿದ್ದವು. ಮರುದಿನವೇ ಸಮಿತಿ ಸಭೆ ಸೇರಿತು. ಆ ತಂಡದ ಹನ್ನೊಂದು ಮಂದಿಯನ್ನು ಮೂರು ವರ್ಷಗಳ ಕಾಲ ಹೊರಗಿಡಲಾಯಿತು. ಕುರ್ಚಿ ಎಸೆದವನು ಆ ಹನ್ನೊಂದು ಮಂದಿಯಲ್ಲಿ ಒಬ್ಬನಾಗಿರಲಿಲ್ಲ. ಆತ ಯಾರೆಂದು ಸಮಿತಿಗೆ ಗೊತ್ತಿತ್ತು. ಆತ ಗಣ್ಯರೊಬ್ಬರ ಮನೆಯ ಹುಡುಗನೆಂಬುದೂ ಗೊತ್ತಿತ್ತು.

ಇನ್ನೊಂದು ಸಂಗತಿಯನ್ನು ನಾವೇ ಹೇಳಬೇಕು. ಅಂದು ಧ್ವನಿವರ್ಧಕ ನಮ್ಮ ಕೈಯಲ್ಲಿತ್ತು. ಪತ್ರಕರ್ತರು, ಭಾಷೆ ಚೆನ್ನಾಗಿದೆ ಎಂದು ವೀಕ್ಷಕ ವಿವರಣೆ ನೀಡಲು ನಮ್ಮನ್ನು ಕೂರಿಸಿದ್ದರು. ಆ ತಂಡದ ಮೊಹಲ್ಲಾದ ಬಗ್ಗೆ ನಾವೊಂದು ನಗೆಮಾತು ಆಡಿದೆವು. ಮೈದಾನವೆಲ್ಲ ನಕ್ಕಿತು. ಮೊದಲ ಕಲ್ಲು ಬಿದ್ದದ್ದು ಅದಾಗಿ ಐದು ನಿಮಿಷಕ್ಕೆ. ನಮ್ಮನ್ನು ಯಾರೂ ಪ್ರಶ್ನಿಸಲಿಲ್ಲ. ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಸಮಿತಿಯ ನಿರ್ಧಾರಕ್ಕೆ ಆಧಾರವೇ ಇಲ್ಲವೆಂದು ಹೇಳಲಾಗದು. ಜಗತ್ತಿನ ಫುಟ್ಬಾಲ್ ಆಡಳಿತವೂ ಇದೇ ದಾರಿಯಲ್ಲಿ ನಡೆಯುತ್ತಿದೆ. ಯುರೋಪಿನ ಫುಟ್ಬಾಲ್ ಒಕ್ಕೂಟದ ಶಿಸ್ತುಸಂಹಿತೆಯ ಪ್ರಕಾರ ಬೆಂಬಲಿಗರ ದುರ್ನಡತೆಗೆ ಕ್ಲಬ್ ಹೊಣೆ. ಕ್ಲಬ್ ತಪ್ಪು ಮಾಡಿದೆಯೆಂದು ಸಾಬೀತಾಗಬೇಕಿಲ್ಲ. ದಂಡ, ಖಾಲಿ ಗ್ಯಾಲರಿಯ ಮುಂದೆ ಆಟ, ಪಂದ್ಯಾವಳಿಯಿಂದ ಉಚ್ಚಾಟನೆ, ಇವೆಲ್ಲ ಶಿಕ್ಷೆಗಳು. ಇದರ ಹಿಂದಿನ ತರ್ಕವೂ ಸರಳ. ಅಭಿಮಾನಿಗೆ ಜೈಲಿನ ಹೆದರಿಕೆ ಇಲ್ಲದಿರಬಹುದು, ಆದರೆ ತನ್ನ ಕ್ಲಬ್ಬಿಗೆ ನಷ್ಟವಾಗುತ್ತದೆಂಬ ಹೆದರಿಕೆ ಇರುತ್ತದೆ. ಪಕ್ಕದಲ್ಲಿ ಕುಳಿತವನೇ ಅವನ ಕೈ ಹಿಡಿಯುತ್ತಾನೆ. ಟಿಕೆಟಿನ ಹಣ ಎಣಿಸಿಕೊಳ್ಳುವಾಗ ಅಭಿಮಾನಿಗಳು ನಮ್ಮವರು, ಕಲ್ಲು ಬಿದ್ದಾಗ ಅವರು ಯಾರೋ ನಮಗೆ ಗೊತ್ತಿಲ್ಲ ಎನ್ನಲು ಕ್ಲಬ್ಬಿಗೆ ಅವಕಾಶ ಕೊಡಬಾರದು. ಈ ಮಾತನ್ನು ನಾವೂ ಒಪ್ಪುತ್ತೇವೆ.

ಆದರೆ ಇದರ ಫಲ ಯಾರ ಮೇಲೆ ಬೀಳುತ್ತದೆಂಬುದನ್ನೂ ನೋಡಬೇಕು. 1985ರ ಮೇ 29ರಂದು ಬ್ರಸೆಲ್ಸ್ ನಗರದ ಹೇಸಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಜುವೆಂಟಸ್ ನಡುವಿನ ಫೈನಲ್‌ಗೆ ಮುನ್ನ ಲಿವರ್‌ಪೂಲ್ ಬೆಂಬಲಿಗರು ಎದುರಿನವರ ಮೇಲೆ ನುಗ್ಗಿದರು. ಗೋಡೆ ಕುಸಿಯಿತು, 39 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಇಟಲಿಯವರು. ಇಂಗ್ಲೆಂಡಿನ ಎಲ್ಲ ಕ್ಲಬ್ಬುಗಳನ್ನೂ ಯುರೋಪಿನ ಪಂದ್ಯಗಳಿಂದ ಐದು ವರ್ಷ ಹೊರಗಿಡಲಾಯಿತು, ಲಿವರ್‌ಪೂಲನ್ನು ಆರು ವರ್ಷ. ಆ ವರ್ಷ ಇಂಗ್ಲೆಂಡಿನ ಲೀಗ್ ಗೆದ್ದಿದ್ದ ಎವರ್ಟನ್ ಕ್ಲಬ್ಬಿನ ಅಭಿಮಾನಿಗಳಿಗೂ ಹೇಸಲ್ ಘಟನೆಗೂ ಯಾವ ಸಂಬಂಧವೂ ಇರಲಿಲ್ಲ. ಯುರೋಪಿಯನ್ ಕಪ್‌ನಲ್ಲಿ ಆಡುವ ಅವರ ಹಕ್ಕು ಮಾತ್ರ ಕೈತಪ್ಪಿತು. ಶಿಥಿಲವಾದ ಆ ಕ್ರೀಡಾಂಗಣವನ್ನು ಫೈನಲ್‌ಗೆ ಆರಿಸಿದವರು ಅಷ್ಟು ಬೆಲೆ ತೆರಲಿಲ್ಲ.

ಮದ್ರಸಾದಲ್ಲಿ ಓದುವಾಗ ಕರ್ಮಶಾಸ್ತ್ರದ ಒಂದು ಅಧ್ಯಾಯ ನಮಗೆ ಬಹಳ ವಿಚಿತ್ರವಾಗಿ ಕಂಡಿತ್ತು. ಅದರ ಹೆಸರು ಕಸಾಮ. ಒಂದು ಮೊಹಲ್ಲಾದಲ್ಲಿ ಕೊಲೆಯಾದವನ ಶವ ಸಿಕ್ಕಿ, ಕೊಂದವನು ಯಾರೆಂದು ತಿಳಿಯದಿದ್ದರೆ, ಹನಫೀ ವಿದ್ವಾಂಸರ ಪ್ರಕಾರ ಆ ಮೊಹಲ್ಲಾದ ಐವತ್ತು ಮಂದಿ ಪ್ರಮಾಣ ಮಾಡಬೇಕು: ನಾವು ಕೊಂದಿಲ್ಲ, ಕೊಂದವನು ಯಾರೆಂದು ನಮಗೆ ತಿಳಿದೂ ಇಲ್ಲ ಎಂದು. ಪ್ರಮಾಣದ ನಂತರವೂ ಮೃತನ ಕುಟುಂಬಕ್ಕೆ ರಕ್ತಪರಿಹಾರವನ್ನು ಮೊಹಲ್ಲಾದವರೇ ಕೊಡಬೇಕು. ತಪ್ಪೇ ಮಾಡದವರು ಏಕೆ ಕೊಡಬೇಕೆಂದು ನಾವು ಉಸ್ತಾದರನ್ನು ಕೇಳಿದ್ದೆವು. ತಮ್ಮ ಬೀದಿಯನ್ನು ಕಾಯುವುದು ಅವರ ಹೊಣೆಯಾಗಿತ್ತು, ಅದಕ್ಕೆ ಎಂಬುದು ಉತ್ತರ. ಆದರೆ ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊಹಲ್ಲಾದ ಮೇಲೆ ಬೀಳುವುದು ಪರಿಹಾರದ ಹೊರೆ. ಕೊಂದವನ ಶಿಕ್ಷೆಯನ್ನು ಇನ್ನೊಬ್ಬನ ಕೊರಳಿಗೆ ಕಟ್ಟುವುದಿಲ್ಲ. ಮತ್ತು ಇದೆಲ್ಲ ಅಪರಾಧಿ ಪತ್ತೆಯಾಗದಿದ್ದಾಗಿನ ಮಾತು. ಅವನು ಕಣ್ಣೆದುರಿಗೇ ಇರುವಾಗ ಮೊಹಲ್ಲಾವನ್ನು ಹಿಡಿದು ಕೂರಿಸಲು ಯಾವ ಶಾಸ್ತ್ರವೂ ಅನುಮತಿಸುವುದಿಲ್ಲ.

ವಿಚಾರಣೆ ಇಲ್ಲದ ಶಿಕ್ಷೆ ಏನು ಮಾಡಬಲ್ಲದೆಂದು ಬೀದರಿನವರಿಗೆ ಹೊರಗಿನವರು ಕಲಿಸಬೇಕಿಲ್ಲ. 1472ರಲ್ಲಿ ಇಲ್ಲಿ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನರನ್ನು ಸುಲ್ತಾನ ಮೂರನೇ ಮುಹಮ್ಮದ್ ಶಾಹನು 1481ರಲ್ಲಿ ಒಂದು ಖೋಟಾ ಪತ್ರವನ್ನು ನಂಬಿ ಕೊಲ್ಲಿಸಿದನು. ಪತ್ರ ಬರೆದವರು ಯಾರೆಂದು ಒಂದು ದಿನ ತಡೆದು ವಿಚಾರಿಸಿದ್ದರೆ ಸಾಕಿತ್ತು. ಆ ಕೊಲೆಯ ನಂತರ ಬಹಮನೀ ರಾಜ್ಯ ಚೇತರಿಸಿಕೊಳ್ಳಲಿಲ್ಲ.

ನಮ್ಮ ದೇಶದ ಫುಟ್ಬಾಲಿಗೆ ಬರೋಣ. 1980ರ ಆಗಸ್ಟ್ 16ರಂದು ಕೊಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಹೊಡೆದಾಟವಾಗಿ 16 ಮಂದಿ ಅಭಿಮಾನಿಗಳು ಸತ್ತರು. 2012ರ ಡಿಸೆಂಬರ್ 9ರಂದು ಅದೇ ನಗರದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಅದೇ ಎರಡು ತಂಡಗಳ ಪಂದ್ಯ. ಗ್ಯಾಲರಿಯಿಂದ ಬಂದ ಕಲ್ಲು ಮೋಹನ್ ಬಗಾನ್ ಆಟಗಾರ ಸೈಯದ್ ರಹೀಂ ನಬಿಯವರ ಮುಖಕ್ಕೆ ತಾಗಿತು. ಅವರ ತಂಡ ದ್ವಿತೀಯಾರ್ಧ ಆಡಲು ಒಪ್ಪಲಿಲ್ಲ. ಮೈದಾನಕ್ಕೆ ಇಳಿಯದ ಕಾರಣಕ್ಕಾಗಿ ಕ್ಲಬ್ಬನ್ನು ಐ-ಲೀಗ್‌ನಿಂದ ಹೊರಹಾಕಲಾಯಿತು. ಮುಂದಿನ ತಿಂಗಳು ಆ ನಿಷೇಧ ತೆರವಾಯಿತು. ಬದಲಿಗೆ ಎರಡು ಕೋಟಿ ರೂಪಾಯಿ ದಂಡ, ಅಂಕಗಳೆಲ್ಲ ಸೊನ್ನೆ. ಕಲ್ಲು ತಿಂದ ಆಟಗಾರನ ತಂಡವೇ ದಂಡವನ್ನೂ ತೆತ್ತಿತು.

ನಮ್ಮವರೆಂದು ಪ್ರೀತಿಸುವ ಕ್ಲಬ್ಬಿನ ಮಾತನ್ನೂ ಬಿಡುವಂತಿಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್‌ನ ಹೆಸರು ಕೇಳಿದರೆ ನಮ್ಮ ಅಜ್ಜಂದಿರ ಕಣ್ಣು ಹೊಳೆಯುತ್ತಿತ್ತು. 2024ರ ಅಕ್ಟೋಬರ್ 20ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪಂದ್ಯದಲ್ಲಿ ಆ ಕ್ಲಬ್ಬಿನ ಬೆಂಬಲಿಗರು ಮೈದಾನಕ್ಕೂ ಅತಿಥಿ ಬೆಂಬಲಿಗರತ್ತಲೂ ಬಾಟಲಿಗಳನ್ನು ಎಸೆದರು, ಆಟ ಕೆಲಕಾಲ ನಿಂತಿತು. ಬೇರೆಯವರ ಗ್ಯಾಲರಿಯಲ್ಲಾದರೆ ಗೂಂಡಾಗಿರಿ, ನಮ್ಮ ಗ್ಯಾಲರಿಯಲ್ಲಾದರೆ ಭಾವೋದ್ವೇಗ ಎನ್ನುವ ಇಬ್ಬಗೆಯ ನ್ಯಾಯ ನಮ್ಮ ಮನೆಗಳಲ್ಲೂ ನಡೆಯುತ್ತಿದೆ.

ಇನ್ನು ಈ ಚರ್ಚೆಯ ಅತ್ಯಂತ ಕಹಿಯಾದ ಭಾಗ. ಕ್ರೀಡಾಂಗಣದಲ್ಲಿ ಜೀವಹಾನಿಯಾದಾಗಲೆಲ್ಲ ಅಭಿಮಾನಿಗಳ ಹುಚ್ಚಾಟ ಎಂಬ ಮಾತು ಮೊದಲು ಹೊರಡುತ್ತದೆ. ಅದು ಯಾರ ಬಾಯಿಂದ ಹೊರಡುತ್ತದೆಂದು ನೋಡಬೇಕು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಉಸಿರುಗಟ್ಟಿ ಸತ್ತರು. ಸಾವಿನ ಲೆಕ್ಕ ಕೊನೆಗೆ 97ಕ್ಕೆ ಮುಟ್ಟಿತು. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರೆಂದು ಪೊಲೀಸ್ ಮುಖ್ಯಸ್ಥ ಹೇಳಿದ. ಆ ಗೇಟು ತೆರೆಯಲು ಆಜ್ಞೆ ಕೊಟ್ಟವನು ಅವನೇ ಆಗಿದ್ದ. ಕುಡುಕರು, ಶವಗಳ ಕಿಸೆ ಕತ್ತರಿಸಿದವರು ಎಂದು ಒಂದು ದೊಡ್ಡ ಪತ್ರಿಕೆ ಮುಖಪುಟದಲ್ಲಿ ಅಚ್ಚುಮಾಡಿತು. ಹೇಸಲ್‌ನ ನೆನಪು ಹಸಿಯಾಗಿತ್ತು, ಆದ್ದರಿಂದ ಜನ ನಂಬಿದರು. ಅಭಿಮಾನಿಗಳ ತಪ್ಪಿರಲಿಲ್ಲ, ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು ಎಂದು ನ್ಯಾಯದರ್ಶಿ ಮಂಡಳಿ ಹೇಳುವಾಗ 2016 ಬಂದಿತ್ತು. ಒಂದು ಸಮೂಹಕ್ಕೆ ಕೆಟ್ಟ ಹೆಸರು ಅಂಟಿದ ಮೇಲೆ ಅದರ ಮೇಲೆ ಯಾವ ಸುಳ್ಳು ಹೊರಿಸಿದರೂ ನಿಲ್ಲುತ್ತದೆ. ಈ ಸಭೆಯಲ್ಲಿ ಇದನ್ನು ವಿವರಿಸಿ ಹೇಳಬೇಕಿಲ್ಲವಷ್ಟೆ.

ಇಂಡೋನೇಷ್ಯಾದ ಮಲಂಗ್‌ನಲ್ಲಿ 2022ರ ಅಕ್ಟೋಬರ್ 1ರಂದು ಆದದ್ದೂ ಇದೇ ಬಗೆಯದು. ಅರೆಮಾ ತಂಡ ಸೋತಾಗ ಅಭಿಮಾನಿಗಳು ಮೈದಾನಕ್ಕೆ ಇಳಿದದ್ದು ನಿಜ, ತಪ್ಪೂ ಹೌದು. ಪೊಲೀಸರು ಹೆಂಗಸರು, ಮಕ್ಕಳು ಕುಳಿತಿದ್ದ ಗ್ಯಾಲರಿಗೇ ಅಶ್ರುವಾಯು ಹೊಡೆದರು. ಕ್ರೀಡಾಂಗಣದೊಳಗೆ ಅದನ್ನು ಬಳಸಬಾರದೆಂದು ಫೀಫಾ ನಿಯಮವಿದೆ. ಇಕ್ಕಟ್ಟಾದ ಬಾಗಿಲುಗಳ ಬಳಿ 135 ಜೀವಗಳು ಹೋದವು. ಕ್ಲಬ್ಬಿಗೆ ದಂಡ ಮತ್ತು ಪ್ರೇಕ್ಷಕರಿಲ್ಲದ ಪಂದ್ಯಗಳ ಶಿಕ್ಷೆ ಒಂದೇ ವಾರದಲ್ಲಿ ಬಂತು. ಪೊಲೀಸ್ ಅಧಿಕಾರಿಗಳಲ್ಲಿ ಇಬ್ಬರನ್ನು ಕೆಳಗಿನ ನ್ಯಾಯಾಲಯ ಬಿಟ್ಟೇಬಿಟ್ಟಿತು. ಅವರಿಗೆ ಶಿಕ್ಷೆ ವಿಧಿಸಲು ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಬರಬೇಕಾಯಿತು. ಈಜಿಪ್ಟಿನ ಪೋರ್ಟ್ ಸೈದ್‌ನಲ್ಲಿ 2012ರ ಫೆಬ್ರವರಿ 1ರಂದು 74 ಮಂದಿ ಸತ್ತದ್ದು ಮಾತ್ರ ನಿಜವಾದ ದಾಳಿಯಿಂದ. ಅಲ್ಲಿಯೂ ಪೊಲೀಸರು ನೋಡುತ್ತ ನಿಂತಿದ್ದರೆಂಬ ಆರೋಪವಿತ್ತು. ಮರುವರ್ಷ 21 ಮಂದಿಗೆ ಮರಣದಂಡನೆ ಘೋಷಣೆಯಾದಾಗ ಇಡೀ ನಗರವೇ ತನಗೆ ಶಿಕ್ಷೆಯಾಯಿತೆಂದು ಬೀದಿಗಿಳಿಯಿತು, ಮತ್ತೆ ಮೂವತ್ತಕ್ಕೂ ಹೆಚ್ಚು ಹೆಣಗಳು ಬಿದ್ದವು.

ಅಷ್ಟು ದೂರ ಏಕೆ? ನಮ್ಮ ಬೆಂಗಳೂರೇ ಇದೆಯಲ್ಲ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನವೇ ವಿಜಯೋತ್ಸವ. ಮೆರವಣಿಗೆ ಇದೆ, ಬನ್ನಿ ಎಂದು ಕ್ಲಬ್ ಸಾಮಾಜಿಕ ಜಾಲತಾಣದಲ್ಲಿ ಕರೆಯಿತು. ಸರಕಾರ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಇಟ್ಟುಕೊಂಡಿತು. ಸುಮಾರು ಮೂವತ್ತೈದು ಸಾವಿರ ಮಂದಿ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಸೇರಿದರು. ಗೇಟುಗಳ ಮುಂದೆ 11 ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಅವರು ಯಾರ ಮೇಲೂ ಕಲ್ಲೆಸೆದವರಲ್ಲ. ಆದರೂ ಅಭಿಮಾನಿಗಳ ಅತಿರೇಕ ಎಂಬ ಮಾತು ಆ ಸಂಜೆಯೇ ಕೇಳಿಬಂತು. ಸರಕಾರ ಪೊಲೀಸ್ ಆಯುಕ್ತರನ್ನು ಅಮಾನತು ಮಾಡಿತು; ಕ್ಲಬ್ ಅನುಮತಿ ಇಲ್ಲದೆ ಜನರನ್ನು ಕರೆಯಿತೆಂದು ನ್ಯಾಯಾಲಯಕ್ಕೆ ಹೇಳಿತು. ಜನಸಂದಣಿಗೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಕಾರಣವೆಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರಂದು ಹೇಳಿತು. ನ್ಯಾಯಮೂರ್ತಿ ಮೈಕಲ್ ಡಿ’ಕುನ್ಹಾ ಆಯೋಗ ಕ್ಲಬ್, ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ನಡೆಸಿದ ಕಂಪೆನಿ, ಪೊಲೀಸರು, ಎಲ್ಲರತ್ತಲೂ ಬೆರಳು ತೋರಿಸಿತು. ಸನ್ಮಾನದ ಮೆಟ್ಟಿಲ ಮೇಲೆ ನಿಂತಿದ್ದವರ ಹೊಣೆಯ ಮಾತೇನು?

ಹಾಗಾದರೆ ಕ್ಲಬ್ಬನ್ನು ಬಿಟ್ಟುಬಿಡಬೇಕೇ? ಇಲ್ಲ. ಕ್ಲಬ್ಬಿನ ಕೈಯಲ್ಲಿ ಏನಿತ್ತೋ ಅದಕ್ಕೆ ಅದು ಉತ್ತರ ಹೇಳಲೇಬೇಕು: ಎಷ್ಟು ಜನರನ್ನು ಕರೆದಿರಿ, ಎಷ್ಟು ಬಾಗಿಲು ತೆರೆದಿರಿ, ಎದುರಾಳಿಯನ್ನು ಹೀಯಾಳಿಸಲು ಮೈಕು ಯಾರಿಗೆ ಕೊಟ್ಟಿರಿ, ಗಾಯಗೊಂಡವನ ಆಸ್ಪತ್ರೆ ಖರ್ಚು ಯಾರು ಕೊಟ್ಟರು. ಇಂಗ್ಲೆಂಡ್ ಕೊನೆಗೆ ಕಂಡುಕೊಂಡ ದಾರಿಯೂ ಇದೇ. ಕ್ರೀಡಾಂಗಣಗಳನ್ನು ಸರಿಪಡಿಸಿದರು, ಜತೆಗೆ ದಾಂಧಲೆ ಮಾಡಿದವನ ಹೆಸರು ಹಿಡಿದು ಅವನೊಬ್ಬನಿಗೇ ಪಂದ್ಯಗಳಿಗೆ ಹೋಗದಂತೆ ನ್ಯಾಯಾಲಯದಿಂದ ನಿಷೇಧ ತಂದರು. ವಿದೇಶದಲ್ಲಿ ಪಂದ್ಯವಿದ್ದಾಗ ಅವನ ಪಾಸ್‌ಪೋರ್ಟನ್ನೂ ತೆಗೆದಿಟ್ಟುಕೊಳ್ಳುತ್ತಾರೆ. (ಟಿಕೆಟಿನ ದರವನ್ನೂ ಏರಿಸಿ ಬಡವರನ್ನು ಮನೆಯಲ್ಲಿ ಕೂರಿಸಿದರು, ಅದು ಬೇರೆ ಅನ್ಯಾಯ.) ಹೆಸರು ಹಿಡಿದು ಶಿಕ್ಷಿಸುವುದು ಕಷ್ಟದ ಕೆಲಸ. ಅದಕ್ಕೆ ಸಾಕ್ಷಿ ಬೇಕು, ವಿಚಾರಣೆ ಬೇಕು, ಗಣ್ಯರ ಮನೆಬಾಗಿಲಿಗೆ ಹೋಗುವ ಧೈರ್ಯ ಬೇಕು. ತಂಡದ ಹೆಸರಿನ ಮೇಲೆ ಗೆರೆ ಎಳೆಯಲು ಒಂದು ಪೆನ್ನು ಸಾಕು.

ಆ ಹನ್ನೊಂದು ಹುಡುಗರಲ್ಲಿ ಮೂವರು ಗ್ಯಾರೇಜಿನಲ್ಲಿ ದುಡಿಯುವವರು, ಒಬ್ಬ ಬಿದರಿ ಕೆಲಸ ಕಲಿಯುತ್ತಿದ್ದಾನೆ. ವಾರವಿಡೀ ದುಡಿದು ಭಾನುವಾರ ಆಡುತ್ತಿದ್ದವರು. ಆಟ ನಿಂತ ಮೇಲೆ ಅವರ ಸಂಜೆಗಳು ಎಲ್ಲಿ ಕಳೆಯುತ್ತವೆಂದು ಅವರ ತಾಯಂದಿರನ್ನು ಕೇಳಿ, ಇಲ್ಲೇ ಕುಳಿತಿದ್ದಾರೆ. ಆ ಓಣಿಯವರೇ ಹಾಗೆ ಎಂಬ ಮಾತು ಈಗ ಮೈದಾನವನ್ನು ದಾಟಿ ಶಾಲೆಗೂ ಅಂಗಡಿಗೂ ಬಂದಿದೆ.

ಮಾನ್ಯ ಅಧ್ಯಕ್ಷರೇ, ನಿಷೇಧ ತೆಗೆಯಬೇಕೆಂದು ಅವರು ಕೊಟ್ಟಿರುವ ಅರ್ಜಿ ನಿಮ್ಮ ಮೇಜಿನ ಮೇಲಿದೆ. ಈ ವರ್ಷದ ತಂಡಗಳ ಪಟ್ಟಿ ಓದುವ ಮುನ್ನ ಅದನ್ನು ಓದಬೇಕೆಂದು ನಮ್ಮ ವಿನಂತಿ. ಅಂಕಪಟ್ಟಿ ಬರೆದ ಹುಡುಗನ ಚಿಕಿತ್ಸೆಯ ಖರ್ಚನ್ನು ತಂಡ ಮತ್ತು ಸಮಿತಿ ಕೂಡಿ ಕೊಡಲಿ. ನಮ್ಮ ಪಾಲನ್ನು ಇಂದೇ ತಂದಿದ್ದೇವೆ. ಕುರ್ಚಿ ಎಸೆದವನನ್ನು ಕರೆಸಿ, ಅವನ ಮಾತನ್ನೂ ಕೇಳಿ. ಅವನ ಜತೆಗೆ ನಮ್ಮನ್ನೂ ಕರೆಯಿರಿ. ಅಂದು ಮೈಕಿನಲ್ಲಿ ಆಡಿದ ಮಾತನ್ನು ಎಲ್ಲರೆದುರು ಪುನಃ ಹೇಳಿ ಆ ಮೊಹಲ್ಲಾದ ಹಿರಿಯರ ಕ್ಷಮೆ ಕೇಳಲು ಬಂದಿದ್ದೇವೆ. ಹುಡುಗರು ಹೊರಗೆ ಜಗಲಿಯ ಮೇಲೆ ಕಾಯುತ್ತಿದ್ದಾರೆ.