ರೈಲು ಬಂದಾಗ ಏರುವ ನೆಲದ ಬೆಲೆ ಯಾರ ಪಾಲು?

(ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣ)



ಮಕ್ಕಳು ಡಾಕ್ಟರಾಗಬೇಕು, ಇಂಜಿನಿಯರಾಗಬೇಕು, ಇಲ್ಲವಾದರೆ ಗಲ್ಫಿಗೆ ಹೋಗಬೇಕು ಎಂಬಲ್ಲಿಗೆ ನಮ್ಮ ಆಲೋಚನೆ ನಿಂತುಬಿಡುತ್ತದೆ. ನಾವು ಬದುಕುವ ನಗರವನ್ನೇ ರೂಪಿಸುವ ವೃತ್ತಿಯೊಂದಿದೆ. ನಗರ ಯೋಜನೆ, ಭೂವ್ಯವಹಾರ ಮತ್ತು ಸಾರಿಗೆಗೆ ಹಣ ಹೊಂದಿಸುವ ವಿದ್ಯೆ ಈ ಮೂರೂ ಅದರಲ್ಲಿ ಕೂಡಿವೆ.

ಮೆಟ್ರೋ ಬಂದಲ್ಲಿ ನೆಲದ ಬೆಲೆ ಏರುತ್ತದೆ. ಆ ಏರಿಕೆಗಾಗಿ ನೆಲದ ಒಡೆಯನು ಬೆವರು ಸುರಿಸಿರುವುದಿಲ್ಲ. ಸಾರ್ವಜನಿಕರ ಹಣದಿಂದ ಹಳಿ ಬಿದ್ದಿರುತ್ತದೆ. ಹಾಗಾದರೆ ಸಾರ್ವಜನಿಕರಿಗೂ ಅದರಲ್ಲಿ ಪಾಲು ಬೇಡವೇ? ಹಾಂಕಾಂಗ್‌ನಲ್ಲಿ 1975ರಲ್ಲಿ ಸ್ಥಾಪನೆಯಾದ ರೈಲು ಸಂಸ್ಥೆಯು ನಿಲ್ದಾಣದ ಸುತ್ತ ಕಟ್ಟಡ ನಿರ್ಮಿಸುವ ಹಕ್ಕನ್ನು ರೈಲು ಬರುವ ಮುಂಚಿನ ಬೆಲೆಗೆ ಸರಕಾರದಿಂದ ಪಡೆಯುತ್ತದೆ. ಬಿಲ್ಡರ್‌ಗಳು ಕಟ್ಟುತ್ತಾರೆ, ಲಾಭದಲ್ಲಿ ಸಂಸ್ಥೆಗೆ ಪಾಲು ಕೊಡುತ್ತಾರೆ. ಆ ಹಣ ಹೊಸ ಮಾರ್ಗಗಳಿಗೆ ಒದಗುತ್ತದೆ. ಆದರೆ ಅದೇ ಹಾಂಕಾಂಗ್ ಜಗತ್ತಿನ ಅತಿ ದುಬಾರಿ ವಸತಿಯ ನಗರಗಳಲ್ಲೊಂದು. ಲೆಕ್ಕ ಸರಿಯಾದ ಮಾತ್ರಕ್ಕೆ ನ್ಯಾಯ ಸಂದಿತೆಂದು ಅರ್ಥವಲ್ಲ.

ನಮ್ಮ ದೇಶದ 2017ರ ಮೆಟ್ರೋ ರೈಲು ನೀತಿಯೂ ಏರಿದ ಭೂಮೌಲ್ಯದಿಂದ ಹಣ ಸಂಗ್ರಹಿಸಲು ಹೇಳುತ್ತದೆ. 2011ರಲ್ಲಿ ಮೆಟ್ರೋ ಓಡತೊಡಗಿದ ಬೆಂಗಳೂರಿಗೂ ಈ ಪ್ರಶ್ನೆ ಹೊಸತಲ್ಲ. ನಿಲ್ದಾಣದ ಬಳಿ ಮನೆಯುಳ್ಳವನು ಗಳಿಸುತ್ತಾನೆ. ಅಲ್ಲೇ ಬಾಡಿಗೆಗಿರುವವನು, ಗ್ಯಾರೇಜು ನಡೆಸುವವನು, ತಳ್ಳುಗಾಡಿಯಲ್ಲಿ ಹಣ್ಣು ಮಾರುವವನು ಏನಾಗಬೇಕು? ಅವರಲ್ಲಿ ನಮ್ಮವರೂ ಇದ್ದಾರೆ, ಇತರ ಸಮುದಾಯಗಳ ಬಡವರೂ ಇದ್ದಾರೆ. ನಗರದ ಕರಡು ಮಹಾಯೋಜನೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ನಕ್ಷೆ ಓದಬಲ್ಲವರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿ? ಗೋಡೆಯ ಮೇಲೆ ಕೆಂಪು ಗುರುತು ಬಿದ್ದ ಮೇಲೆ ಮಸೀದಿಯ ಮುಂದೆ ಸೇರಿ ಪ್ರಯೋಜನವೇನು?

2001ರ ಜನಗಣತಿಯಲ್ಲಿ ಮುಸ್ಲಿಮರು ಶೇ. 13.4ರಷ್ಟಿದ್ದರು. ಐಎಎಸ್‌ನಲ್ಲಿ ಅವರ ಪಾಲು ಕೇವಲ ಶೇ. 3 ಎಂದು 2006ರ ಸಾಚಾರ್ ವರದಿ ಹೇಳಿತು. ತಾರತಮ್ಯದ ವಿರುದ್ಧ ಮಾತನಾಡಲೇಬೇಕು. ಆದರೆ ಅರ್ಜಿಯನ್ನೇ ಹಾಕದೆ ಬಾಗಿಲು ಮುಚ್ಚಿದೆ ಎನ್ನುವುದು ಸರಿಯೇ?

ಪಿಯುಸಿಯಲ್ಲಿ ಗಣಿತ ಓದಿದವರಿಗೆ ನಾಲ್ಕು ವರ್ಷಗಳ ಬಿ.ಪ್ಲಾನ್ ಪದವಿಯಿದೆ; ಅದರ ಪ್ರವೇಶಕ್ಕೆ ಜೆಇಇ ಮೇನ್‌ನಲ್ಲಿ ಪ್ರತ್ಯೇಕ ಪತ್ರಿಕೆಯಿದೆ. ಸಿವಿಲ್ ಇಂಜಿನಿಯರಿಂಗ್ ಅಥವಾ ಆರ್ಕಿಟೆಕ್ಚರ್ ಮುಗಿಸಿದವರಿಗೆ ಎರಡು ವರ್ಷಗಳ ಎಂ.ಪ್ಲಾನ್ ಇದೆ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್, ಅಹಮದಾಬಾದಿನ ಸೆಪ್ಟ್ ಹೆಸರಾಂತ ಸಂಸ್ಥೆಗಳು. ಹೆಣ್ಣು ಮಕ್ಕಳಿಗೂ ಇದು ಯೋಗ್ಯ ಕ್ಷೇತ್ರ. ನೀರು, ಶಾಲೆ, ಬಸ್ ನಿಲ್ದಾಣ ದೂರವಾದರೆ ಆಗುವ ಕಷ್ಟವನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು?

ಒಂದು ಎಚ್ಚರಿಕೆ. ನಿಲ್ದಾಣ ಎಲ್ಲಿ ಬರಲಿದೆಯೆಂದು ಮೊದಲೇ ತಿಳಿದವನಿಗೆ ಅಲ್ಲೊಂದು ಸೈಟು ಖರೀದಿಸುವ ಆಸೆ ಹುಟ್ಟುತ್ತದೆ. ಆ ಮಾಹಿತಿ ಜನರ ಅಮಾನತ್ತು. ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸುವುದರ ವಿರುದ್ಧವೂ ಪ್ರವಾದಿ(ಸ) ಕಠಿಣವಾಗಿ ಎಚ್ಚರಿಸಿದ್ದಾರೆ. ಆ ಭಯವನ್ನು ಎದೆಯಲ್ಲಿಟ್ಟುಕೊಂಡ ಯೋಜಕರನ್ನು ನಾವು ಈ ನಾಡಿಗೆ ಕೊಡೋಣ. ಅಲ್ಲಾಹನು ಅನುಗ್ರಹಿಸಲಿ.